ಶುಗರ್ ಏರಿದರೆ ಟ್ಯೂಮರ್ ಮಾರ್ಕರ್ ಕೂಡ ಏರಬಹುದು: ಹಿರಿಯರ ರಕ್ತಪರೀಕ್ಷೆಯ ಚೀಟಿ ಓದುವುದು ಹೇಗೆ?

ಹೊಸೂರಿನಿಂದ ರಾಯಕೋಟೆ ಕಡೆಗೆ ಹೋಗುವ ರಸ್ತೆಯಲ್ಲಿ ಸಿಗುವ ಊರು ಉದ್ದನಪಲ್ಲಿ. ತಮಿಳುನಾಡಿನ ಕೃಷ್ಣಗಿರಿ ಜಿಲ್ಲೆಗೆ ಸೇರಿದರೂ ಈ ಸೀಮೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರೂ ನಡೆಯುತ್ತದೆ. ರಾಗಿ, ಟೊಮೆಟೊ, ಹೂವು ಬೆಳೆಯುವ ನೆಲ. ಸಣ್ಣಪುಟ್ಟ ಕಾಯಿಲೆಗೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ, ಸ್ವಲ್ಪ ದೊಡ್ಡದಾದರೆ ಹೊಸೂರು, ಅದಕ್ಕೂ ಮೀರಿದರೆ ಬೆಂಗಳೂರು. ಕ್ಯಾನ್ಸರ್ ಎಂಬ ಮಾತು ಬಂತೆಂದರೆ ಈ ಭಾಗದ ಬಹಳಷ್ಟು ಕುಟುಂಬಗಳು ನೋಡುವುದು ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯತ್ತ.

ಈಗ ಇಂಥ ಊರುಗಳ ಮನೆಬಾಗಿಲಿಗೂ 'ಫುಲ್ ಬಾಡಿ ಚೆಕಪ್' ಪ್ಯಾಕೇಜ್ ಬಂದು ನಿಂತಿದೆ. ಬೆಂಗಳೂರಲ್ಲೋ ಗಲ್ಫಲ್ಲೋ ಇರುವ ಮಗ ಮೊಬೈಲ್‌ನಲ್ಲೇ ಹಣ ಕಟ್ಟುತ್ತಾನೆ, ಬೆಳಿಗ್ಗೆ ಹುಡುಗನೊಬ್ಬ ಬೈಕಲ್ಲಿ ಬಂದು ರಕ್ತ ತೆಗೆದುಕೊಂಡು ಹೋಗುತ್ತಾನೆ, ಸಂಜೆಗೆ ವಾಟ್ಸಾಪ್‌ಗೆ ರಿಪೋರ್ಟ್. ಇಪ್ಪತ್ತು ಪುಟ, ಪೂರ್ತಿ ಇಂಗ್ಲಿಷ್. ಅದರಲ್ಲಿ ಎರಡು ಸಾಲು ಕೆಂಪಕ್ಷರದಲ್ಲಿರುತ್ತವೆ. ಒಂದು ಶುಗರ್‌ನದ್ದು, ಎಚ್‌ಬಿಎ1ಸಿ 10.2. ಇನ್ನೊಂದು ಸಿಎ 19-9 ಎಂಬ ಹೆಸರಿನದ್ದು, 62. ಶುಗರ್ ಗೊತ್ತಿದ್ದದ್ದೇ, ಅದನ್ನು ಯಾರೂ ದೊಡ್ಡದು ಮಾಡುವುದಿಲ್ಲ. ಎರಡನೆಯ ಹೆಸರನ್ನು ಗೂಗಲ್‌ಗೆ ಹಾಕಿದರೆ 'ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್' ಅಂತ ಬರುತ್ತದೆ. ಆ ರಾತ್ರಿ ಮನೆಯಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ.

ಇದು ಉದಾಹರಣೆಗೆ ಹೇಳಿದ ಚಿತ್ರ. ಆದ್ರೆ ಮಂಗಳೂರಿನಿಂದ ಹೊಸೂರಿನವರೆಗೆ ಎಲ್ಲಿ ಬೇಕಾದರೂ ನಡೆಯಬಹುದಾದದ್ದು. ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ವಿಷಯ ಒಂದಿದೆ. ಆ ಎರಡು ಕೆಂಪು ಸಾಲುಗಳು ಬೇರೆ ಬೇರೆ ಅಲ್ಲದೆಯೂ ಇರಬಹುದು. ಶುಗರ್ ಹತೋಟಿ ತಪ್ಪಿದಾಗ ಕ್ಯಾನ್ಸರ್ ಇಲ್ಲದೆಯೇ ಸಿಎ 19-9 ಏರುವುದುಂಟು. ಇದರ ತಿರುವುಮುರುವೂ ಉಂಟು. ವಯಸ್ಸಾದ ಮೇಲೆ ಹಠಾತ್ತನೆ ಬಂದ ಶುಗರ್, ಕೆಲವರಲ್ಲಿ, ಕ್ಯಾನ್ಸರ್‌ನ ಮೊದಲ ಗುರುತೇ ಆಗಿರುತ್ತದೆ. ಯಾವುದು ಯಾವಾಗ ಎನ್ನುವುದರಲ್ಲಿ ಹಿರಿಯರ ಜೀವ, ಮನೆಯವರ ಹಣ ಎರಡೂ ನಿಂತಿವೆ.

ಮಾರ್ಕರ್ ಎಂದರೇನು?

ಟ್ಯೂಮರ್ ಮಾರ್ಕರ್ ಎಂದರೆ ಗಡ್ಡೆ ಬೆಳೆಯುವಾಗ ರಕ್ತದಲ್ಲಿ ಹೆಚ್ಚಾಗಿ ಕಾಣಿಸಿಕೊಳ್ಳುವ ವಸ್ತು. ಸಾಮಾನ್ಯವಾಗಿ ಪ್ರೋಟೀನ್, ಇಲ್ಲವೇ ಸಕ್ಕರೆಯ ಸರಪಳಿ ಅಂಟಿಕೊಂಡ ಪ್ರೋಟೀನ್. ಹೆಸರು ಕೇಳಿದರೆ ಕ್ಯಾನ್ಸರ್ ಮಾತ್ರ ಉಗುಳುವ ವಿಷದಂತೆ ಅನಿಸುತ್ತದೆ. ಹಾಗಲ್ಲ. ಇವುಗಳಲ್ಲಿ ಹೆಚ್ಚಿನವನ್ನು ಆರೋಗ್ಯವಂತ ಜೀವಕೋಶಗಳೂ ಸ್ವಲ್ಪ ಸ್ವಲ್ಪ ತಯಾರಿಸುತ್ತಲೇ ಇರುತ್ತವೆ.

ಸಿಇಎ ಎಂಬ ಮಾರ್ಕರನ್ನು 1965ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಗುರುತಿಸಿದರು. ದೊಡ್ಡ ಕರುಳಿನ ಕ್ಯಾನ್ಸರ್‌ನಲ್ಲಿ ಸಿಕ್ಕಿದ ಆ ವಸ್ತು ಗರ್ಭದಲ್ಲಿರುವ ಶಿಶುವಿನ ಕರುಳಲ್ಲೂ ಇತ್ತು. ಸಿಎ 19-9 ಬಂದದ್ದು 1970ರ ದಶಕದ ಕೊನೆಗೆ, ಅಮೆರಿಕದ ಫಿಲಡೆಲ್ಫಿಯಾದಲ್ಲಿ ಹಿಲರಿ ಕೊಪ್ರೋವ್‌ಸ್ಕಿ ಅವರ ತಂಡದಿಂದ. 19-9 ಎಂಬುದು ಕಾಯಿಲೆಯ ಹಂತವೂ ಅಲ್ಲ, ಅಪಾಯದ ಅಳತೆಯೂ ಅಲ್ಲ. ಆ ವಸ್ತುವನ್ನು ಹಿಡಿಯಲು ಬಳಸಿದ ಪ್ರತಿಕಾಯಕ್ಕೆ ಪ್ರಯೋಗಾಲಯದಲ್ಲಿ ಕೊಟ್ಟ ನಂಬರಿನ ಬಾಲ ಅಷ್ಟೇ.

ಲ್ಯಾಬ್ ಚೀಟಿಯಲ್ಲಿ ಸಿಎ 19-9ಕ್ಕೆ ಸಾಮಾನ್ಯವಾಗಿ 37 ಯೂನಿಟ್, ಸಿಎ 125ಕ್ಕೆ 35 ಯೂನಿಟ್ ಮಿತಿ. ಸಿಇಎಗೆ ಬೀಡಿ, ಸಿಗರೇಟ್ ಸೇದದವರಲ್ಲಿ 3ರ ಆಸುಪಾಸು, ಸೇದುವವರಲ್ಲಿ 5. ಪಿಎಸ್‌ಎಗೆ ಬಹುಕಾಲದಿಂದ 4 ಎಂಬ ಗೆರೆ ಇದೆ. ಗೆರೆ ದಾಟಿದರೆ ಕಂಪ್ಯೂಟರ್ ತಾನಾಗಿಯೇ ಅದನ್ನು ಕೆಂಪು ಮಾಡುತ್ತದೆ. ಆ ಮನುಷ್ಯನ ವಯಸ್ಸೆಷ್ಟು, ಶುಗರ್ ಎಷ್ಟು, ಬೀಡಿ ಸೇದುತ್ತಾನಾ, ಕಾಮಾಲೆ ಇದೆಯಾ ಎನ್ನುವುದು ಕಂಪ್ಯೂಟರಿಗೆ ಗೊತ್ತಿರುವುದಿಲ್ಲ.

ಶುಗರ್ ಮಾರ್ಕರನ್ನು ಏರಿಸುವುದು ಹೇಗೆ?

ಮೇದೋಜ್ಜೀರಕ ಗ್ರಂಥಿ, ಅಂದರೆ ಪ್ಯಾಂಕ್ರಿಯಾಸ್, ಹೊಟ್ಟೆಯ ಹಿಂದೆ ಬೆನ್ನಿಗೆ ಆತುಕೊಂಡು ಮಲಗಿರುವ ಅಂಗ. ಅದಕ್ಕೆ ಎರಡು ಕಸುಬು. ಒಂದು, ಜೀರ್ಣರಸ ತಯಾರಿಸಿ ಸಣ್ಣ ನಾಳಗಳ ಮೂಲಕ ಕರುಳಿಗೆ ಕಳಿಸುವುದು. ಇನ್ನೊಂದು, ಇನ್ಸುಲಿನ್ ತಯಾರಿಸಿ ರಕ್ತಕ್ಕೆ ಬಿಡುವುದು. ಈ ಎರಡನೆಯ ಕೆಲಸ ಮಾಡುವ ಜೀವಕೋಶಗಳು ಮೊದಲನೆಯವುಗಳ ನಡುವೆ ಪುಟ್ಟ ದ್ವೀಪಗಳ ಹಾಗೆ ಚದುರಿಕೊಂಡಿವೆ. ಸಿಎ 19-9 ತಯಾರಾಗುವುದು ನಾಳಗಳ ಒಳಗೋಡೆಯಲ್ಲಿ. ಅಂದರೆ ಶುಗರಿನ ಕಾರ್ಖಾನೆ, ಮಾರ್ಕರಿನ ಕಾರ್ಖಾನೆ ಎರಡೂ ಒಂದೇ ಕಾಂಪೌಂಡಿನೊಳಗೆ!

ರಕ್ತದಲ್ಲಿ ಸಕ್ಕರೆ ತಿಂಗಳುಗಟ್ಟಲೆ ಹೆಚ್ಚಿದ್ದರೆ ಅದು ಈ ಅಂಗಕ್ಕೇ ಪೆಟ್ಟು ಕೊಡುತ್ತದೆ. ಇನ್ಸುಲಿನ್ ಕೊಡುವ ಜೀವಕೋಶಗಳು ಸೋಲುತ್ತವೆ, ಪಕ್ಕದ ನಾಳದ ಜೀವಕೋಶಗಳಿಗೂ ಬಿಸಿ ತಾಗುತ್ತದೆ, ಸಿಎ 19-9 ರಕ್ತಕ್ಕೆ ಹೆಚ್ಚು ಸೋರುತ್ತದೆ. ವೈದ್ಯರು ಇದಕ್ಕೆ ಕೊಡುವ ವಿವರಣೆ ಸ್ಥೂಲವಾಗಿ ಹೀಗಿದೆ. ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಕಂಡದ್ದೂ ಇದೇ: ಟೈಪ್ 2 ಸಕ್ಕರೆ ಕಾಯಿಲೆ ಇರುವವರಲ್ಲಿ ಸಿಎ 19-9ರ ಸರಾಸರಿ ಉಳಿದವರಿಗಿಂತ ಜಾಸ್ತಿ. ಎಚ್‌ಬಿಎ1ಸಿ ಏರಿದಷ್ಟೂ ಅದೂ ಏರುವ ಒಲವು ತೋರಿಸುತ್ತದೆ. ಶುಗರ್ ಹತೋಟಿಗೆ ಬಂದ ಮೇಲೆ ಬಹಳ ಜನರಲ್ಲಿ ಮಾರ್ಕರ್ ಕೂಡ ಇಳಿಯುತ್ತದೆ. ಸಿಇಎಯಲ್ಲೂ ಇದೇ ರೀತಿಯ ಸಣ್ಣ ಏರಿಕೆ ಕಂಡುಬಂದಿದೆ.

ಹೀಗೆ ಶುಗರಿನಿಂದ ಏರಿದ ಸಿಎ 19-9 ಸಾಮಾನ್ಯವಾಗಿ 37ರಿಂದ 100ರ ಒಳಗೆ ಇರುತ್ತದೆ. ಸಾವಿರ ದಾಟಿದರೆ ಕ್ಯಾನ್ಸರ್ ಸಂಶಯ ಬಲವಾಗುತ್ತದೆ. ಆದ್ರೆ ಅಲ್ಲೂ ಒಂದು ತೊಡಕಿದೆ. ಈ ವಸ್ತು ದೇಹದಿಂದ ಹೊರಹೋಗುವುದು ಪಿತ್ತದ ದಾರಿಯಿಂದ. ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡು ಕಾಮಾಲೆ ಆದವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಇದು ಸಾವಿರಗಳಿಗೆ ಹೋಗಬಹುದು. ಕಲ್ಲು ತೆಗೆದು ಕಾಮಾಲೆ ಇಳಿದ ಮೇಲೆ ನೋಡಿದರೆ ಸಂಖ್ಯೆ ಕುಸಿದಿರುತ್ತದೆ. ಅದಕ್ಕೇ ಕಾಮಾಲೆ ಇದ್ದಾಗ ಮಾಡಿದ ಸಿಎ 19-9ಕ್ಕೆ ತಜ್ಞರು ಪೂರ್ತಿ ಬೆಲೆ ಕೊಡುವುದಿಲ್ಲ.

ಇದಕ್ಕೆ ಉಲ್ಟಾ ಕೂಡ ಇದೆ. ರಕ್ತದ ಗುಂಪಿನ ಹಾಗೇ 'ಲೂಯಿಸ್' ಎಂಬ ಇನ್ನೊಂದು ಹುಟ್ಟುಗುಣವಿದೆ. ನೂರರಲ್ಲಿ 5ರಿಂದ 10 ಜನರಿಗೆ ಅದು ಇರುವುದಿಲ್ಲ. ಅವರ ದೇಹಕ್ಕೆ ಸಿಎ 19-9 ತಯಾರಿಸಲು ಬರುವುದೇ ಇಲ್ಲ. ಅವರಿಗೆ ಕ್ಯಾನ್ಸರ್ ಬಲಿತಿದ್ದರೂ ಚೀಟಿಯಲ್ಲಿ ಎಲ್ಲಾ ನಾರ್ಮಲ್.

ಮಾರ್ಕರ್ ಇಳಿಯುವ ವಿಷಯದಲ್ಲಿ ಇನ್ನೊಂದು ಎಚ್ಚರಿಕೆ. ಶುಗರ್‌ಗೆ ಮಾತ್ರೆ ಶುರು ಮಾಡಿದ ಎರಡು ತಿಂಗಳಿಗೆ ಸಂಖ್ಯೆ 62ರಿಂದ 30ಕ್ಕೆ ಬಂದಿರಬಹುದು. ಅದೇ ಹೊತ್ತಿಗೆ ಯಾರೋ ಕೊಟ್ಟ ಕಷಾಯವನ್ನೂ ಕುಡಿದಿದ್ದರೆ ಮುಗೀತು, 'ಕ್ಯಾನ್ಸರ್ ವಾಸಿಯಾಯ್ತು' ಎಂಬ ಸುದ್ದಿ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತದೆ, ಎರಡೂ ರಿಪೋರ್ಟಿನ ಫೋಟೊ ಸಮೇತ. ಫೋಟೊ ನಿಜ, ಸಂಖ್ಯೆ ನಿಜ. ಅಲ್ಲಿ ಕ್ಯಾನ್ಸರ್ ಇದ್ದಿರಲೇ ಇಲ್ಲ.

ಆರೋಗ್ಯವಂತರಿಗೆ ಈ ಟೆಸ್ಟ್ ಬೇಕಾ?

ಬೇಡ. ಇದು ಲ್ಯಾಬ್‌ಗಳ ಮೇಲಿನ ಸಿಟ್ಟಿನಿಂದ ಹೇಳುವ ಮಾತಲ್ಲ, ಲೆಕ್ಕದ ಮಾತು. ದಕ್ಷಿಣ ಕೊರಿಯಾದಲ್ಲಿ ಯಾವ ತೊಂದರೆಯೂ ಇಲ್ಲದ 70,940 ಜನರಿಗೆ ಸಿಎ 19-9 ಪರೀಕ್ಷೆ ಮಾಡಿದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. 1,063 ಜನರಲ್ಲಿ 37ಕ್ಕಿಂತ ಹೆಚ್ಚು ಬಂತು. ಅವರಲ್ಲಿ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಸಿಕ್ಕಿದ್ದು ಬರೀ 4 ಜನರಿಗೆ. ಉಳಿದ ಸಾವಿರಕ್ಕೂ ಹೆಚ್ಚು ಜನರಲ್ಲಿ ಬಹುಪಾಲು ಮಂದಿ ಹೆದರಿದ್ದಷ್ಟೇ ಬಂತು. ಅಮೆರಿಕದ ರೋಗತಡೆ ತಜ್ಞರ ಸಮಿತಿಯೂ 2019ರಲ್ಲಿ ಲಕ್ಷಣ ಇಲ್ಲದವರಿಗೆ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ತಪಾಸಣೆ ಬೇಡ ಎಂದೇ ಹೇಳಿತು.

ನಮ್ಮ ದೇಶದಲ್ಲಿ 30 ದಾಟಿದವರಿಗೆ ಸರ್ಕಾರ ನಡೆಸುವ ತಪಾಸಣೆಯಲ್ಲಿ ಬಿಪಿ, ಶುಗರ್ ಜೊತೆ ಮೂರು ಕ್ಯಾನ್ಸರ್‌ಗಳಿವೆ: ಬಾಯಿ, ಸ್ತನ, ಗರ್ಭಕೊರಳು. ಬಾಯಿಯನ್ನು ಟಾರ್ಚ್ ಹಾಕಿ ನೋಡುತ್ತಾರೆ, ಸ್ತನವನ್ನು ತರಬೇತಾದ ದಾದಿ ಮುಟ್ಟಿ ನೋಡುತ್ತಾರೆ, ಗರ್ಭಕೊರಳಿಗೆ ಅಸಿಟಿಕ್ ಆಮ್ಲ ಹಚ್ಚಿ ಬಣ್ಣ ಬದಲಾಗುತ್ತಾ ಅಂತ ಗಮನಿಸುತ್ತಾರೆ. ಮೂರರಲ್ಲಿ ಒಂದಕ್ಕೂ ರಕ್ತದ ಮಾರ್ಕರ್ ಇಲ್ಲ. ಪುಕ್ಕಟೆ ಸಿಗುವ ಈ ತಪಾಸಣೆಗೆ, ಅದರಲ್ಲೂ ಹೆಂಗಸರನ್ನು, ಕಳಿಸಲು ಹಿಂಜರಿಯುವ ಮನೆಗಳೇ ಸಾವಿರಾರು ರೂಪಾಯಿಯ ಪ್ಯಾಕೇಜ್ ಕೊಳ್ಳುತ್ತವೆ ಎನ್ನುವುದು ಬೇಸರದ ಸಂಗತಿ. ಉಮ್ಮನಿಗೆ ಉಡುಗೊರೆ ಕೊಡಬೇಕೆನ್ನುವ ಮಕ್ಕಳು ಪ್ಯಾಕೇಜಿನಲ್ಲಿ 'ಕ್ಯಾನ್ಸರ್ ಪ್ಯಾನೆಲ್' ಇದ್ದರೆ ಅದನ್ನು ಬಿಟ್ಟು ಉಳಿದದ್ದಕ್ಕೆ ಹಣ ಕಟ್ಟಬಹುದು.

ಹಾಗಂತ ಮಾರ್ಕರ್ ಕೆಲಸಕ್ಕೆ ಬಾರದ ಟೆಸ್ಟ್ ಅಲ್ಲ. ಕ್ಯಾನ್ಸರ್ ಖಚಿತವಾದವರಲ್ಲಿ ಚಿಕಿತ್ಸೆ ನಾಟುತ್ತಿದೆಯೇ, ಆಪರೇಷನ್ ಆದ ಮೇಲೆ ಕಾಯಿಲೆ ಮರುಕಳಿಸುತ್ತಿದೆಯೇ ಎಂದು ತಿಳಿಯಲು ಅದು ಬಹಳ ಉಪಯೋಗಿ. ಕರುಳಿನ ಕ್ಯಾನ್ಸರ್ ಆಪರೇಷನ್ ಆದವರಿಗೆ ಕೆಲವು ತಿಂಗಳಿಗೊಮ್ಮೆ ಸಿಇಎ ನೋಡುವುದು ಇದಕ್ಕೇ. ಅಲ್ಲಿ ಒಂದು ಸಂಖ್ಯೆಗಿಂತ ಸಾಲು ಸಂಖ್ಯೆಗಳ ಏರಿಳಿತ ಮುಖ್ಯ. ಇಂಥವರಲ್ಲಿ ಸಿಇಎ ಸ್ವಲ್ಪ ಏರಿದಾಗ ಶುಗರ್ ಹೇಗಿದೆ ಅಂತ ಕೇಳುವ ವೈದ್ಯರು ಸಿಕ್ಕರೆ ಅದೃಷ್ಟ. ಕೇಳದಿದ್ದರೆ ಮನೆಯವರೇ ಹೇಳಬೇಕು.

ಹಠಾತ್ ಬಂದ ಶುಗರ್

ಈಗ ನಾಣ್ಯದ ಇನ್ನೊಂದು ಮುಖ. ಇದನ್ನು ಕಡೆಗಣಿಸಿದರೆ ಮೇಲಿನದೆಲ್ಲ ಅಪಾಯಕಾರಿ ಸಮಾಧಾನವಾಗುತ್ತದೆ.

68 ವರ್ಷದ ಒಬ್ಬ ಹಿರಿಯರು. ಜೀವಮಾನದಲ್ಲಿ ಶುಗರ್ ಇರಲಿಲ್ಲ, ಮನೆತನದಲ್ಲೂ ಇಲ್ಲ, ದಪ್ಪ ಮೈಯೂ ಅಲ್ಲ. ಹೋದ ವರ್ಷ ಖಾಲಿ ಹೊಟ್ಟೆಯಲ್ಲಿ 96 ಇದ್ದದ್ದು ಈ ವರ್ಷ 210. ಆರು ತಿಂಗಳಲ್ಲಿ ಏಳು ಕೆಜಿ ಇಳಿದಿದ್ದಾರೆ. ಮನೆಯವರು ಹೇಳುವುದು, 'ಶುಗರ್ ಬಂದಿದೆಯಲ್ಲ, ಅದಕ್ಕೇ ಸಣ್ಣ ಆಗಿದ್ದಾರೆ.' ಮೆಡಿಕಲ್ ಶಾಪಿನಿಂದ ಮಾತ್ರೆ ಬರುತ್ತದೆ. ನಾಲ್ಕು ತಿಂಗಳ ಮೇಲೆ ಕಣ್ಣು ಹಳದಿಯಾಗುತ್ತದೆ. ಇದೂ ಕಲ್ಪಿತ ಚಿತ್ರವೇ, ಆದ್ರೆ ಕ್ಯಾನ್ಸರ್ ವೈದ್ಯರಿಗೆ ತೀರಾ ಪರಿಚಿತವಾದದ್ದು.

ಅಮೆರಿಕದ ಮೇಯೊ ಕ್ಲಿನಿಕ್‌ನ ಸುರೇಶ್ ಚಾರಿ ಮತ್ತು ಸಂಗಡಿಗರು 50 ದಾಟಿದ ಮೇಲೆ ಹೊಸದಾಗಿ ಶುಗರ್ ಬಂದ 2,122 ಜನರ ದಾಖಲೆ ನೋಡಿ 2005ರಲ್ಲಿ ವರದಿ ಪ್ರಕಟಿಸಿದರು. ಮೂರು ವರ್ಷದೊಳಗೆ ಅವರಲ್ಲಿ 18 ಜನರಿಗೆ ಮೇದೋಜ್ಜೀರಕ ಗ್ರಂಥಿಯ ಕ್ಯಾನ್ಸರ್ ಪತ್ತೆಯಾಗಿತ್ತು. ಅಂದರೆ ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ, ಶೇ. 0.85. ಆದ್ರೆ ಆ ವಯಸ್ಸಿನ ಸಾಮಾನ್ಯ ಜನರಿಗೆ ಹೋಲಿಸಿದರೆ ಇದು ಸುಮಾರು ಎಂಟು ಪಟ್ಟು. ಈ ಎರಡು ಮಾತನ್ನೂ ಒಟ್ಟಿಗೆ ನೆನಪಿಟ್ಟುಕೊಳ್ಳಬೇಕು. ಹೊಸ ಶುಗರ್ ಬಂದ ನೂರು ಹಿರಿಯರಲ್ಲಿ 99 ಜನರಿಗೆ ಅದು ಬರೀ ಶುಗರ್. ಉಳಿದ ಒಬ್ಬರನ್ನು ಹುಡುಕುವುದು ಹೇಗೆ?

ಅದೇ ತಂಡ 2018ರಲ್ಲಿ ಒಂದು ಅಂಕದ ಪಟ್ಟಿ ಮಾಡಿತು. ಅದರಲ್ಲಿರುವುದು ಮೂರೇ: ವಯಸ್ಸು, ಒಂದು ವರ್ಷದಲ್ಲಿ ಶುಗರ್ ಎಷ್ಟು ಏರಿತು, ತೂಕ ಎಷ್ಟು ಇಳಿಯಿತು. ದುಬಾರಿ ಟೆಸ್ಟ್ ಯಾವುದೂ ಇಲ್ಲ! ಮಾಮೂಲಿ ಟೈಪ್ 2 ಶುಗರ್ ಬರುವ ಮುಂಚೆ ಸಾಧಾರಣವಾಗಿ ತೂಕ ಏರಿರುತ್ತದೆ. ಕ್ಯಾನ್ಸರ್ ತಂದ ಶುಗರ್‌ನಲ್ಲಿ ಸಕ್ಕರೆ ಏರುತ್ತಿದ್ದಂತೆಯೇ ತೂಕ ಇಳಿಯುತ್ತದೆ. ಒಂದು ಮೇಲಕ್ಕೆ, ಇನ್ನೊಂದು ಕೆಳಕ್ಕೆ.

ತೀರಾ ಹತೋಟಿ ತಪ್ಪಿದ ಮಾಮೂಲಿ ಶುಗರ್ ಕೂಡ ಮೈ ಇಳಿಸುತ್ತದೆ, ಅದು ನಿಜ. ಗುರುತಿಸುವ ದಾರಿ ಏನೆಂದರೆ, ಮಾತ್ರೆಯಿಂದ ಸಕ್ಕರೆ ಹತೋಟಿಗೆ ಬಂದ ಮೇಲೆ ತೂಕ ನಿಲ್ಲಬೇಕು, ಸ್ವಲ್ಪ ಮರಳಬೇಕು. ಸಕ್ಕರೆ ಇಳಿದರೂ ತೂಕ ಇಳಿಯುತ್ತಲೇ ಇದ್ದರೆ ಬೇರೆ ಕಾರಣ ಹುಡುಕಲೇಬೇಕು. ಇದರ ಜೊತೆ ಮೇಲುಹೊಟ್ಟೆಯಿಂದ ಬೆನ್ನಿಗೆ ಹೋಗುವ ನೋವು, ಊಟ ಸೇರದಿರುವುದು, ಎಣ್ಣೆಯಂತೆ ತೇಲುವ ಮಲ, ಕಣ್ಣು ಹಳದಿ, ಮೈ ತುರಿಕೆ, ಚಹಾದ ಬಣ್ಣದ ಮೂತ್ರ, ಇವುಗಳಲ್ಲಿ ಯಾವುದಿದ್ದರೂ ಮಾರ್ಕರ್ ಎಷ್ಟಿದೆ ಎಂದು ನೋಡುತ್ತಾ ಕೂರುವಂತಿಲ್ಲ. ಸಿಟಿ ಸ್ಕ್ಯಾನ್ ಬೇಕು. ಸಾಮಾನ್ಯ ಹೊಟ್ಟೆ ಸ್ಕ್ಯಾನಿಂಗ್‌ನಲ್ಲಿ ಗ್ಯಾಸ್ ಅಡ್ಡ ಬಂದು ಮೇದೋಜ್ಜೀರಕ ಗ್ರಂಥಿ ಪೂರ್ತಿ ಕಾಣದಿರುವುದು ಸಾಮಾನ್ಯ. ಆದ್ದರಿಂದ 'ಸ್ಕ್ಯಾನಿಂಗ್ ನಾರ್ಮಲ್' ಎಂಬ ಒಂದು ಸಾಲಿಗೆ ಸಮಾಧಾನಪಡುವ ಮುಂಚೆ ಗ್ರಂಥಿ ಕಾಣಿಸಿತೇ ಎಂದು ಕೇಳಬೇಕು. ಹಳೆಯ ಶುಗರ್ ರೋಗಿಗಳಿಗೂ ಇದು ಅನ್ವಯಿಸುತ್ತದೆ: ಹತ್ತು ವರ್ಷ ಒಂದೇ ಮಾತ್ರೆಯಲ್ಲಿ ಸರಿಯಿದ್ದ ಶುಗರ್, ಊಟ ಬದಲಾಗದೆ, ಮಾತ್ರೆ ತಪ್ಪದೆ, ಒಮ್ಮೆಲೇ ಕೈಮೀರಿದರೆ ಕಾರಣ ಕೇಳಬೇಕು.

ಹಾಗಾದರೆ ಆ 62 ಬಂದ ಮನೆಯವರು ಏನು ಮಾಡಬೇಕು? ಮೊದಲು ವೈದ್ಯರನ್ನು ಕಾಣುವುದು. ತೂಕ ಇಳಿದಿಲ್ಲ, ಹೊಟ್ಟೆನೋವಿಲ್ಲ, ಕಾಮಾಲೆ ಇಲ್ಲ, ಶುಗರ್ ಮಾತ್ರ ತೀರಾ ಜಾಸ್ತಿ ಎಂದಾದರೆ ಅವರು ಲಿವರ್ ಪರೀಕ್ಷೆ ಮಾಡಿಸಬಹುದು, ಬೇಕೆನಿಸಿದರೆ ಸ್ಕ್ಯಾನ್ ಹೇಳಬಹುದು, ಶುಗರನ್ನು ಹತೋಟಿಗೆ ತಂದು ಕೆಲವು ವಾರಗಳ ಮೇಲೆ ಮಾರ್ಕರನ್ನು ಮತ್ತೆ ನೋಡಬಹುದು. ಎರಡನೇ ಸಲ ಅದೇ ಲ್ಯಾಬಿನಲ್ಲೇ ಮಾಡಿಸಬೇಕು. ಕಂಪನಿಯಿಂದ ಕಂಪನಿಗೆ ಕಿಟ್ ಬೇರೆ, ಒಂದೇ ರಕ್ತಕ್ಕೆ ಬೇರೆ ಬೇರೆ ಸಂಖ್ಯೆ ಬರುತ್ತದೆ. ಕೂದಲು ಉದುರುವುದಕ್ಕೆ ತಿನ್ನುವ ಬಯೋಟಿನ್ ಮಾತ್ರೆ ಕೆಲವು ಕಿಟ್‌ಗಳನ್ನು ಹಾದಿ ತಪ್ಪಿಸುತ್ತದೆ, ಅದನ್ನು ತಿನ್ನುತ್ತಿದ್ದರೆ ಮುಚ್ಚಿಡದೆ ಹೇಳಬೇಕು. ಎರಡನೇ ಸಲ ಸಂಖ್ಯೆ ಇಳಿದಿದ್ದರೆ ನಿರಾಳ. ಏರಿದ್ದರೆ ಹುಡುಕಾಟ ಮುಂದುವರಿಯುತ್ತದೆ.

ಹಿರಿಯರ ಶುಗರ್, ಅದರದ್ದೇ ಲೆಕ್ಕ

ಭಾರತದಲ್ಲಿ ಶುಗರ್ ಇರುವವರು ಸುಮಾರು 10.1 ಕೋಟಿ ಎಂದು 2023ರಲ್ಲಿ ಪ್ರಕಟವಾದ ಐಸಿಎಂಆರ್‌ನ ದೊಡ್ಡ ಸಮೀಕ್ಷೆ ಹೇಳಿತು. ವಯಸ್ಸಾದಂತೆ ಇದು ಹೆಚ್ಚಲು ಕಾರಣ ಸರಳ. ಊಟದ ಸಕ್ಕರೆಯನ್ನು ಹೆಚ್ಚಾಗಿ ಹೀರಿಕೊಳ್ಳುವುದು ಮಾಂಸಖಂಡ. ಅರವತ್ತರ ಮೇಲೆ ಮಾಂಸಖಂಡ ಕರಗುತ್ತಾ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ, ಇನ್ಸುಲಿನ್ ಬರುವುದೂ ನಿಧಾನವಾಗುತ್ತದೆ. ಹೊಸೂರು ಸೀಮೆಯಲ್ಲಿ ರಾಗಿ ಮುದ್ದೆ ತಿಂದರೆ ಶುಗರ್ ಬರಲ್ಲ ಎಂಬ ನಂಬಿಕೆ ಇದೆ, ಕರಾವಳಿಯಲ್ಲಿ ಕುಚ್ಚಲಕ್ಕಿಯ ಬಗ್ಗೆಯೂ ಹಾಗೇ. ಎರಡೂ ಪಿಷ್ಟವೇ. ಒಂದು ಮುದ್ದೆಯ ಜಾಗದಲ್ಲಿ ಮೂರು ತಿಂದರೆ ರಾಗಿ ಎಂದು ಸಕ್ಕರೆ ರಿಯಾಯಿತಿ ಕೊಡುವುದಿಲ್ಲ.

ಎಚ್‌ಬಿಎ1ಸಿ ಎಂದರೆ ಕೆಂಪು ರಕ್ತಕಣಕ್ಕೆ ಅಂಟಿದ ಸಕ್ಕರೆಯ ಪ್ರಮಾಣ. ಕಣದ ಆಯುಸ್ಸು ಸುಮಾರು 120 ದಿನ, ಹಾಗಾಗಿ ಹಿಂದಿನ ಎರಡು ಮೂರು ತಿಂಗಳ ಸರಾಸರಿ ಅದರಲ್ಲಿ ತಿಳಿಯುತ್ತದೆ. 6.5 ಮುಟ್ಟಿದರೆ ಶುಗರ್. 7 ಎಂದರೆ ಸರಾಸರಿ 154, 9 ಎಂದರೆ 212. ಇದೂ ಮೋಸ ಹೋಗದ ಟೆಸ್ಟ್ ಅಲ್ಲ. ಕಬ್ಬಿಣಾಂಶ ಕಡಿಮೆಯಾಗಿ ರಕ್ತಹೀನತೆ ಇದ್ದರೆ ಸುಳ್ಳೇ ಹೆಚ್ಚು ತೋರಿಸಬಹುದು. ಇತ್ತೀಚೆಗೆ ರಕ್ತ ಹೋಗಿದ್ದರೆ, ರಕ್ತ ಕೊಟ್ಟಿದ್ದರೆ, ಕಿಡ್ನಿ ಸೋತಿದ್ದರೆ ಸುಳ್ಳೇ ಕಡಿಮೆ ತೋರಿಸಬಹುದು. ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರಿಗೆ ಇವುಗಳಲ್ಲಿ ಒಂದಾದರೂ ಇರುವುದೇ ಹೆಚ್ಚು. ಅಂಥವರು ಗ್ಲುಕೋಮೀಟರ್‌ನಲ್ಲಿ ದಿನದ ಬೇರೆ ಬೇರೆ ಹೊತ್ತಿಗೆ ನೋಡಿ ಬರೆದಿಡುವುದೇ ನಂಬಿಗಸ್ತ ದಾರಿ.

ಮಾರ್ಕರ್ ಇಳಿಸುವ ಆತುರದಲ್ಲಿ ಶುಗರನ್ನು ಒಂದೇ ವಾರದಲ್ಲಿ ಕೆಳಗಿಳಿಸಲು ಹೋಗಬಾರದು. ಗಟ್ಟಿಮುಟ್ಟಾದ ಹಿರಿಯರಿಗೆ ಎಚ್‌ಬಿಎ1ಸಿ 7ರಿಂದ 7.5ರ ಒಳಗೆ ಸಾಕು, ಹಲವು ಕಾಯಿಲೆ ಇರುವವರಿಗೆ 8ರೊಳಗೆ ಇದ್ದರೆ ಆಯ್ತು. ತೀರಾ ಕುಗ್ಗಿದವರಲ್ಲಿ ಸಂಖ್ಯೆಗಿಂತ ಸಕ್ಕರೆ ಕುಸಿಯದಂತೆ ನೋಡಿಕೊಳ್ಳುವುದೇ ಮುಖ್ಯ. 70ಕ್ಕಿಂತ ಕೆಳಗೆ ಇಳಿಯುವುದು ವಯಸ್ಸಾದವರಿಗೆ ಏರುವುದಕ್ಕಿಂತ ಬೇಗ ಅಪಾಯ ತರುತ್ತದೆ. ಬೆವರು, ನಡುಕ ಕಾಣಿಸದೆ ನೇರವಾಗಿ ತಬ್ಬಿಬ್ಬು, ತೊದಲು, ಬೀಳುವುದು. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಗುಂಪಿನ ಮಾತ್ರೆ ತಿಂದು ಊಟ ಬಿಟ್ಟವರಲ್ಲಿ ಇದು ಹೆಚ್ಚು. ರಂಝಾನ್‌ನಲ್ಲಿ ಉಪವಾಸ ಹಿಡಿಯುವ ಹಿರಿಯರ ಮಾತ್ರೆಯ ಹೊತ್ತು, ಪ್ರಮಾಣ ಒಂದೆರಡು ತಿಂಗಳು ಮುಂಚೆಯೇ ವೈದ್ಯರ ಹತ್ತಿರ ಬದಲಾಗಬೇಕು. 70ಕ್ಕಿಂತ ಇಳಿದರೆ ಅಥವಾ 300 ದಾಟಿದರೆ ಉಪವಾಸ ಬಿಡಬೇಕು ಎಂಬುದು ಅಂತರರಾಷ್ಟ್ರೀಯ ಮಾರ್ಗಸೂಚಿ.

ಪಿಎಸ್‌ಎಯ ಕತೆ ಬೇರೆ. ಅದು ಶುಗರ್ ಇರುವ ಗಂಡಸರಲ್ಲಿ ಏರುವ ಬದಲು ಕೊಂಚ ಕಡಿಮೆಯೇ ಇರುತ್ತದೆ. ಪ್ರಾಸ್ಟೇಟ್ ಊತಕ್ಕೆ ಫಿನಾಸ್ಟರೈಡ್ ತಿನ್ನುವವರಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ, ಹಾಗಾಗಿ ಅವರ 3 ನಿಜಕ್ಕೂ 6 ಇದ್ದಂತೆ. ಸಿಎ 125 ಹೆಂಗಸರಲ್ಲಿ ಅಂಡಾಶಯದ ಕ್ಯಾನ್ಸರ್‌ಗೆ ನೋಡುವುದು, ಆದ್ರೆ ಹೊಟ್ಟೆಯ ಟಿಬಿ, ಲಿವರ್ ಸಿರೋಸಿಸ್, ಹೃದಯ ಸೋತು ನೀರು ತುಂಬಿದ ಸ್ಥಿತಿ, ಇವುಗಳಲ್ಲೂ ನೂರಾರು ಬರುತ್ತದೆ. ಟಿಬಿಯನ್ನು ಕ್ಯಾನ್ಸರ್ ಎಂದುಕೊಳ್ಳುವ ತಪ್ಪು ನಮ್ಮಂಥ ದೇಶದಲ್ಲಿ ಸುಲಭ, ಶುಗರ್ ಇರುವವರಿಗೆ ಟಿಬಿ ಬರುವ ಸಾಧ್ಯತೆಯೂ ಜಾಸ್ತಿ.

ಕ್ಯಾನ್ಸರ್ ಇರುವವರ ಶುಗರ್ ಬಗ್ಗೆಯೂ ಎರಡು ಮಾತು. ಕೀಮೋ ಜೊತೆ ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಸೋನ್ ಸ್ಟೀರಾಯ್ಡ್, ಬೆಳಿಗ್ಗೆ ಸಕ್ಕರೆ ಸರಿಯಿದ್ದರೂ ಮಧ್ಯಾಹ್ನ, ಸಂಜೆ ಏರಿಸಿಬಿಡುತ್ತದೆ. ಖಾಲಿ ಹೊಟ್ಟೆಯಲ್ಲಿ ಮಾತ್ರ ನೋಡುವವರಿಗೆ ಇದು ಗೊತ್ತೇ ಆಗಲ್ಲ. ಪೆಟ್ ಸ್ಕ್ಯಾನ್‌ಗೆ ಹೋಗುವ ದಿನ ಸಕ್ಕರೆ 200ಕ್ಕಿಂತ ಹೆಚ್ಚಿದ್ದರೆ ಸ್ಕ್ಯಾನ್ ಮುಂದಕ್ಕೆ ಹೋಗುವುದು ಮಾಮೂಲು, ಏಕೆಂದರೆ ಆ ಸ್ಕ್ಯಾನ್ ಗಡ್ಡೆ ಸಕ್ಕರೆ ನುಂಗುವುದನ್ನೇ ನೋಡುವಂಥದ್ದು. ಹಳ್ಳಿಯಿಂದ ರಾತ್ರಿಯೇ ಹೊರಟು ಬಂದವರಿಗೆ ಈ ಒಂದು ಕಾರಣಕ್ಕೆ ಆ ದಿನದ ಓಡಾಟ ವ್ಯರ್ಥವಾಗಬಹುದು. ಸಕ್ಕರೆ ತಿಂದರೆ ಕ್ಯಾನ್ಸರ್ ಬೆಳೆಯುತ್ತದೆ ಎಂದು ಹೆದರಿ ರೋಗಿಗೆ ಅನ್ನವನ್ನೇ ಬಿಡಿಸುವವರೂ ಇದ್ದಾರೆ. ಹಾಗೆ ಬಿಡಿಸಿದರೆ ಸೊರಗುವುದು ಗಡ್ಡೆಯಲ್ಲ, ಮನುಷ್ಯ.

ಎಲ್ಲಿ ಹೋಗುವುದು?

ಉದ್ದನಪಲ್ಲಿ ಕಡೆಯವರಿಗೆ ಒಂದು ಅನುಕೂಲ ಮನೆಬಾಗಿಲಲ್ಲೇ ಇದೆ. ತಮಿಳುನಾಡು ಸರ್ಕಾರದ 'ಮಕ್ಕಳೈ ತೇಡಿ ಮರುತ್ತುವಂ', ಅಂದರೆ ಜನರನ್ನು ಹುಡುಕಿಕೊಂಡು ವೈದ್ಯ ಎಂಬ ಯೋಜನೆ ಶುರುವಾದದ್ದು 2021ರ ಆಗಸ್ಟ್ 5ರಂದು, ಇದೇ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿಯಲ್ಲಿ. ಶುಗರ್, ಬಿಪಿ ಇರುವವರ ಮನೆಗೇ ಕಾರ್ಯಕರ್ತೆಯರು ಬಂದು ನೋಡುತ್ತಾರೆ, ಮಾತ್ರೆ ಕೊಡುತ್ತಾರೆ. 2024ರಲ್ಲಿ ಈ ಯೋಜನೆಗೆ ವಿಶ್ವಸಂಸ್ಥೆಯ ಪ್ರಶಸ್ತಿ ಬಂತು. ಗಡಿಯ ಈಚೆ ಕರ್ನಾಟಕವೂ ಅದೇ ವರ್ಷ 'ಗೃಹ ಆರೋಗ್ಯ' ಯೋಜನೆಯನ್ನು ಪಕ್ಕದ ಕೋಲಾರ ಜಿಲ್ಲೆಯಿಂದ ಆರಂಭಿಸಿತು. ಬಂದವರು ಶುಗರ್ ನೋಡಿ ಹೋಗುವಾಗ ತೂಕವನ್ನೂ ಪ್ರತಿ ಸಲ ಪುಸ್ತಕದಲ್ಲಿ ಬರೆಸಿಕೊಂಡರೆ, ಮೇಲೆ ಹೇಳಿದ ಅಂಕದ ಪಟ್ಟಿಗೆ ಬೇಕಾದದ್ದೆಲ್ಲ ಮನೆಯಲ್ಲೇ ತಯಾರು.

ಕೃಷ್ಣಗಿರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, 2022ರ ಜನವರಿಯಲ್ಲಿ ತಮಿಳುನಾಡಿನ 11 ಹೊಸ ಕಾಲೇಜುಗಳ ಜೊತೆ ಉದ್ಘಾಟನೆಯಾದದ್ದು. ಕ್ಯಾನ್ಸರ್‌ಗೆಂದೇ ಇರುವ ಕಿದ್ವಾಯಿ ಸ್ಮಾರಕ ಗ್ರಂಥಿ ಸಂಸ್ಥೆ 1973ರಿಂದ ಬೆಂಗಳೂರಿನಲ್ಲಿದೆ. ಸ್ವಾತಂತ್ರ್ಯ ಹೋರಾಟಗಾರ, ಕೇಂದ್ರ ಸಚಿವರಾಗಿದ್ದ ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರು ಅದಕ್ಕೆ. ಹೊಸೂರು ರಸ್ತೆಯ ಪಕ್ಕದಲ್ಲೇ ಇರುವುದರಿಂದ ಹೊಸೂರು ಬಸ್ಸಿನವರಿಗೆ ದಾರಿ ಸಲೀಸು. ಚೆನ್ನೈನ ಅಡ್ಯಾರ್ ಕ್ಯಾನ್ಸರ್ ಸಂಸ್ಥೆ 1954ರದ್ದು, ಮುತ್ತುಲಕ್ಷ್ಮಿ ರೆಡ್ಡಿ ಕಟ್ಟಿದ್ದು, ಆದ್ರೆ ದೂರ.

ಗಡಿ ಊರಿನವರಿಗೆ ತೊಡಕಾಗುವುದು ಕಾರ್ಡ್. ತಮಿಳುನಾಡಿನ ಮುಖ್ಯಮಂತ್ರಿ ವಿಮೆ ಕಾರ್ಡ್ ಬೇರೆ, ಕರ್ನಾಟಕದ ಆರೋಗ್ಯ ಕರ್ನಾಟಕ ಬೇರೆ. ಒಂದು ರಾಜ್ಯದ ಕಾರ್ಡ್ ಇನ್ನೊಂದರ ಆಸ್ಪತ್ರೆಯಲ್ಲಿ ನಡೆಯುತ್ತದಾ, ಯಾವ ಚಿಕಿತ್ಸೆಗೆ ನಡೆಯುತ್ತದೆ, ಮೊದಲು ಜಿಲ್ಲಾಸ್ಪತ್ರೆಯ ಪತ್ರ ಬೇಕಾ ಎನ್ನುವುದನ್ನು ಅಡ್ಮಿಟ್ ಆಗುವ ಮುಂಚೆಯೇ ಆಸ್ಪತ್ರೆಯ ವಿಮೆ ಕೌಂಟರಿನಲ್ಲಿ ಕೇಳಿಕೊಳ್ಳಬೇಕು. ಹೋಗುವಾಗ ಕೊನೆಯ ರಿಪೋರ್ಟ್ ಒಂದನ್ನೇ ಹಿಡಿದುಕೊಂಡು ಹೋಗುವುದು ಸಾಲದು. ಹಿಂದಿನ ಒಂದೆರಡು ವರ್ಷದ ಶುಗರ್ ಚೀಟಿಗಳು, ತೂಕ ಬರೆದ ಪುಸ್ತಕ, ತಿನ್ನುತ್ತಿರುವ ಎಲ್ಲಾ ಮಾತ್ರೆಗಳ ಖಾಲಿ ಪಟ್ಟಿ, ಆಯುರ್ವೇದದ್ದೂ ಸೇರಿಸಿ, ಒಂದು ಚೀಲದಲ್ಲಿ ಹಾಕಿಕೊಳ್ಳಬೇಕು. ತೂಕ ಬರೆದಿಟ್ಟಿಲ್ಲದಿದ್ದರೆ ಹಳೆಯ ಬೆಲ್ಟಿನ ತೂತು, ಸಡಿಲವಾದ ಅಂಗಿ ಕೂಡ ವೈದ್ಯರಿಗೆ ಹೇಳಬಹುದಾದ ಲೆಕ್ಕವೇ.